ಚರಣದ ಕೊನೆಯ ಒಂದೂವರೆ ಎಣಿಕೆ

ಮೌಸ್ ಹಿಡಿದು ಒಂದೊಂದೇ ಸ್ವರವನ್ನು ಎಳೆದಾಡುತ್ತ ಕೂರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂಗೀತ ಜೋಡಿಸುವ ಸಾಫ್ಟ್‌ವೇರಿನಲ್ಲಿ ಪ್ರತಿ ಸ್ವರವೂ ಪರದೆಯ ಮೇಲೆ ಒಂದು ಪುಟ್ಟ ಪಟ್ಟಿ. ಮೇಲೆ ಹೋದಷ್ಟೂ ತಾರ, ಕೆಳಗೆ ಇಳಿದಷ್ಟೂ ಮಂದ್ರ. ಪಟ್ಟಿ ಉದ್ದವಿದ್ದಷ್ಟೂ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಕಾಲ ಎಡದಿಂದ ಬಲಕ್ಕೆ ಹೋಗುತ್ತದೆ. ನಡುವೆ ತಾಳದ ಎಣಿಕೆಗೊಂದರಂತೆ ನಿಂತ ಗೆರೆಗಳು. ಆ ಪಟ್ಟಿಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ನನ್ನ ಹೊಟ್ಟೆಪಾಡು. ಒಂದು ಹಾಡಿನಲ್ಲಿ ಇಂಥವು ಸಾವಿರಾರು ಇರುತ್ತವೆ. ಮೌಸಿನ ಚಕ್ರ ತಿರುಗಿಸಿ ಹತ್ತಿರ ಹೋಗು, ಎಲ್ಲಿದ್ದೇನೆಂದು ಗೊತ್ತಾಗದೆ ಕಳೆದುಹೋಗು, ಹಿಂದೆ ಬಾ, ಮತ್ತೆ ಹುಡುಕು ಅಂತ ಕೂತರೆ ಆಯುಷ್ಯವೆಲ್ಲ ಹುಡುಕಾಟದಲ್ಲೇ ಕಳೆಯುತ್ತದೆ.

ನನ್ನ ಪದ್ಧತಿ ಬೇರೆ. ಎಡಗೈ ಕೀಬೋರ್ಡ್ ಬಿಟ್ಟು ಕದಲುವುದಿಲ್ಲ. ಒಂದು ಕೀ ಒತ್ತಿದರೆ ನಾನು ಆರಿಸಿಕೊಂಡ ಸ್ವರಗಳು ಪರದೆ ತುಂಬ ಬಂದು ನಿಲ್ಲುತ್ತವೆ. ಇನ್ನೊಂದು ಒತ್ತಿದರೆ ಇಡೀ ಹಾಡು ಒಂದೇ ನೋಟಕ್ಕೆ ಸಿಗುತ್ತದೆ. ಇವೆರಡಕ್ಕೆ ನಾನು ಇಟ್ಟಿರುವ ಹೆಸರು 'ಹತ್ತಿರ' ಮತ್ತು 'ದೂರ'. ಸ್ವರಗಳನ್ನು ಗೆರೆಗೆ ತಾನಾಗಿ ಅಂಟಿಸುವ ಸೌಲಭ್ಯವನ್ನು ನಿಲ್ಲಿಸಿಬಿಟ್ಟು, ಬಾಣದ ಕೀಯಿಂದ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸುತ್ತೇನೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು, ಯಾಕೆ ಸುಳ್ಳು ಹೇಳಲಿ. ಆ ಜಂಬವನ್ನು ಸ್ವಲ್ಪ ಇಳಿಸಿದ್ದು ಮದರಾಸಿನ ಪೆರಂಬೂರಿನ ಒಂದು ಕೆಲಸ.

ಕೆಲಸ ತಂದವರು ಒಬ್ಬ ನೃತ್ಯದ ಟೀಚರ್. ಅರವತ್ತರ ಆಸುಪಾಸಿನ ಹೆಂಗಸು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ವೈಷ್ಣವರ ಮನೆಯವರು. ರೈಲ್ವೆ ಕ್ವಾರ್ಟರ್ಸಿನ ಗೃಹಿಣಿಯರು, ಆಫೀಸಿಗೆ ಹೋಗುವ ಹುಡುಗಿಯರು ಅವರ ಶಿಷ್ಯೆಯರು. ಬಿರುಬಿಸಿಲಲ್ಲಿ ಬಸ್ಸು ಬದಲಿಸಿ ಬದಲಿಸಿ ಶೋಳಿಂಗನಲ್ಲೂರಿನ ನಮ್ಮ ಫ್ಲ್ಯಾಟಿಗೆ ಬಂದರು. ಮಲಗುವ ಕೋಣೆಯ ಅರ್ಧಭಾಗವೇ ನನ್ನ ಸ್ಟುಡಿಯೋ ಎಂಬುದನ್ನು ನೋಡಿ ಅವರಿಗೆ ನಿರಾಶೆಯಾಗಿರಬೇಕು, ಆದರೆ ತೋರಿಸಿಕೊಳ್ಳಲಿಲ್ಲ. ನೀರು ಕುಡಿದು ಮೊಣಕಾಲು ನೀವಿಕೊಳ್ಳುತ್ತ ಫೋನು ಚಾಚಿದರು.

"ನಮ್ಮಮ್ಮ ಹಾಡಿದ್ದು. ಕೊಂಜ ಕೇಳಿ ಹೇಳಮ್ಮಾ, ಇದಕ್ಕೆ ಮೃದಂಗ, ವೀಣೆ ಎಲ್ಲಾ ಸೇರ್ಸಕ್ಕಾಗುತ್ತಾ? ಮೊದಲು ಹೋದ ಸ್ಟುಡಿಯೋದಲ್ಲಿ ಆಗೋದೇ ಇಲ್ಲ ಅಂದ್ಬಿಟ್ರು."

ಕೇಳಿದೆ. ಎಂಬತ್ತು ದಾಟಿದ ಗಂಟಲು. ಅಂಚಿನಲ್ಲಿ ಒರಟಾಗಿತ್ತು, ಆದರೆ ಶ್ರುತಿ ಗಟ್ಟಿ. ಯಶೋದೆ ಮನೆಯೆಲ್ಲ ಕೃಷ್ಣನನ್ನು ಹುಡುಕುವ ಒಂದು ಪದ. ಹಾಡಿದ ಆ ಅಜ್ಜಿಯ ಅಜ್ಜಿ ಕಟ್ಟಿದ್ದಂತೆ, ಅವರ ಮನೆಯಲ್ಲಿ ಬಿಟ್ಟರೆ ಬೇರೆ ಯಾರಿಗೂ ಬಾರದು. ನಾಲ್ಕು ಚರಣ, ಆದಿತಾಳ.

"ಯಾಕೆ ಆಗಲ್ಲ ಅಂದ್ರಂತೆ?"

"ತಾಳ ಓಡುತ್ತೆ, ನಿಲ್ಲುತ್ತೆ, ಇದರ ಮೇಲೆ ಏನೂ ಕೂರಿಸಕ್ಕಾಗಲ್ಲ, ಬೇರೆ ಯಾರ್ನಾದ್ರೂ ಹಾಡಿಸಿ ಅಂದ್ರು." ಅವರ ಮುಖ ಕೆಂಪೇರಿತು. "ನೋಡಮ್ಮಾ, ನಾನು ಆಡಿದ್ದಕ್ಕೆಲ್ಲಾ ಅವಳೇ ಹಾಡಿದ್ದು. ಸ್ಟೇಜಿನ ಒಂದು ಮೂಲೇಲಿ ಕೂತು. ಫೋಟೋದಲ್ಲೂ ಬಂದಿಲ್ಲ, ರೆಕಾರ್ಡೂ ಇಲ್ಲ. ಈಗ ಒಂದು ಚರಣಕ್ಕೇ ಮೂಚ್ಚು ಸಾಲಲ್ಲ, ಉಸಿರು ನಿಂತ್ಹೋಗುತ್ತೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಈ ಒಂದು ಪದ ನನ್ನ ಕುರಲಲ್ಲೇ, ನನ್ನ ದನಿಯಲ್ಲೇ ಇರಲಿ, ಮೆಷಿನ್ನಲ್ಲಿ ಹಿಡ್ಕೊಳ್ಳಿ ಅಂತ ಅವಳೇ ಬಾಯಿಬಿಟ್ಟು ಕೇಳಿದಾಳೆ. ಜೀವಮಾನದಲ್ಲಿ ನನ್ನ ಹತ್ರ ಏನೂ ಕೇಳಿದವಳಲ್ಲ."

ಇಷ್ಟು ಹೇಳಿದ ಮೇಲೆ ಇಲ್ಲ ಅನ್ನಲು ನನಗೇನು ಹೃದಯವಿಲ್ಲವೇ? ಜೊತೆಗೆ, ಬೇರೆ ಸ್ಟುಡಿಯೋದವರು ಆಗುವುದಿಲ್ಲ ಅಂದ ಕೆಲಸವನ್ನು ಮಾಡಿ ತೋರಿಸುವ ಚಪಲವೂ ಇತ್ತು. "ಆಗುತ್ತೆ ಟೀಚರೇ, ಅದೇನು ಮಹಾ," ಅಂದುಬಿಟ್ಟೆ.

ಅಜ್ಜಿಯನ್ನು ಊರಿನ ಆ ತುದಿಯಿಂದ ಈ ತುದಿಗೆ ಕರೆಸುವ ಮಾತೇ ಇರಲಿಲ್ಲ. ಮೈಕು, ಲ್ಯಾಪ್‌ಟಾಪು ಹೊತ್ತು ನಾನೇ ಪೆರಂಬೂರಿಗೆ ಹೋದೆ. ಫ್ಯಾನು ಆರಿಸಿ, ಕಿಟಕಿಗೆ ಜಮಖಾನ ಕಟ್ಟಿ, ರೈಲ್ವೆ ವರ್ಕ್‌ಶಾಪಿನ ಸೈರನ್ನು ಮುಗಿಯುವ ತನಕ ಬೆವರೊರೆಸಿಕೊಳ್ಳುತ್ತ ಕೂತೆವು. ಅಜ್ಜಿ ಮಂಚದ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಹಕ್ಕಿಯಷ್ಟು ತೂಕದ ಮೈ, ಆದರೆ ಕಣ್ಣು ಬಲು ಚುರುಕು.

ಎಲ್ಲರಿಗೂ ಮಾಡುವಂತೆ ಅವರ ಕಿವಿಗೂ ಹೆಡ್‌ಫೋನು ಹಾಕಿದೆ. ಅದರಲ್ಲಿ ತಾಳದ ಟಿಕ್ ಟಿಕ್ ಕೇಳುತ್ತಿರುತ್ತದೆ, ಹಾಡುವವರು ಅದನ್ನು ಹಿಡಿದು ಹೋದರೆ ಹಾಡು ಗೆರೆಗಳಿಗೆ ಸರಿಯಾಗಿ ಬಂದು ಕೂರುತ್ತದೆ. ಅಜ್ಜಿ ಎರಡು ಸಾಲು ಹಾಡಿ ಅದನ್ನು ಕಿತ್ತು ಮಂಚದ ಮೇಲೆ ಎಸೆದರು.

"ಕಿವಿಯೊಳಗೆ ಹಲ್ಲಿ ಕೂತು ಲೊಚಗುಟ್ಟಿದಂಗಿದೆ! ತೆಗಿಯೇ ಅತ್ಲಾಗೆ. ನನಗೇನು ತಾಳ ತೆರಿಯಾದಾ? ಗೊತ್ತಿಲ್ವಾ?"

"ಗೊತ್ತು ಅಜ್ಜಿ, ಇದು ಬರೀ ಮೆಷಿನ್ನಿಗೆ…"

"ಮೆಷಿನ್ನಿಗೆ ಬೇಕಾದ್ರೆ ಅದು ನನ್ನ ಕೇಳಿಸ್ಕೊಳ್ಳಲಿ."

ಟೀಚರು ನಗು ತಡೆದುಕೊಂಡು ತಾಯಿಯ ಎದುರಿಗೆ ಕುರ್ಚಿ ಹಾಕಿ ಕೂತು, ತೊಡೆಯ ಮೇಲೆ ತಾಳ ಹಾಕತೊಡಗಿದರು. ನಾನು ಇನ್ನೊಂದು ಚಿಕ್ಕ ಮೈಕನ್ನು ಅವರ ತೊಡೆಯ ಹತ್ತಿರ ಇಟ್ಟೆ. ಆ ಹೊತ್ತಿಗೆ ಅದು ಸುಮ್ಮನೆ ಮುನ್ನೆಚ್ಚರಿಕೆ, ಮುಂದೆ ಅದೇ ನನ್ನನ್ನು ಉಳಿಸಿತು. ಅಜ್ಜಿ ಒಂದು ಚರಣ ಹಾಡಿ ಪಲ್ಲವಿಗೆ ಬಂದು ನಿಲ್ಲಿಸುವುದು, ಬಿಸಿನೀರು ಕುಡಿದು ಸುಧಾರಿಸಿಕೊಳ್ಳುವುದು, ಮತ್ತೆ ಮುಂದಿನ ಚರಣ. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕೂ ಸಿಕ್ಕಿದವು.

ಮನೆಗೆ ಬಂದು ಧ್ವನಿಯನ್ನು ಪರದೆಯ ಮೇಲೆ ಹರವಿ ನೋಡಿದರೆ, ಅಬ್ಬಾ! ಒಂದು ಅಕ್ಷರವೂ ಗೆರೆಯ ಮೇಲಿಲ್ಲ. ಇಲ್ಲಿ ಮುಂದೆ, ಅಲ್ಲಿ ಹಿಂದೆ, ಕೆಲವು ಕಡೆ ಎಷ್ಟೋ ಹಿಂದೆ. ಇಂಥದ್ದಕ್ಕೆ ನನ್ನ ವೃತ್ತಿಯಲ್ಲಿ ಮದ್ದಿದೆ: ಧ್ವನಿಯನ್ನು ಸಾಲುಸಾಲಾಗಿ ಕತ್ತರಿಸುವುದು, ಒಂದಿಷ್ಟು ಹಿಗ್ಗಿಸುವುದು, ಒಂದಿಷ್ಟು ಕುಗ್ಗಿಸುವುದು, ಪ್ರತಿ ಆವರ್ತವನ್ನೂ ಎಳೆದು ಗೆರೆಗೆ ಕೂರಿಸುವುದು. ಸಿನಿಮಾದವರಿಗೆ ನಾನು ದಿನಬೆಳಗಾದರೆ ಮಾಡುವುದು ಇದನ್ನೇ. 'ಹತ್ತಿರ' ಒತ್ತಿ ಒಂದೊಂದು ಆವರ್ತವನ್ನು ಪರದೆ ತುಂಬಿಸಿಕೊಂಡು ಕತ್ತರಿಸುತ್ತ ಹೋದೆ. ಚರಣಗಳ ಕೊನೆಯಲ್ಲಿ ಕಡೆಯ ಅಕ್ಷರವನ್ನು ಅಜ್ಜಿ ಉದ್ದಕ್ಕೆ ಎಳೆದಿದ್ದರು. ಹೆಚ್ಚಾಗಿದ್ದನ್ನು ಕತ್ತರಿಸಿ ಪಲ್ಲವಿಯನ್ನು ಮುಂದಕ್ಕೆ ಎಳೆದುಕೊಂಡೆ. ಉಸಿರು ಸಾಲದೆ ತಡವಾಗಿರಬೇಕು, ಪಾಪ, ಅಂತ ನನ್ನ ಲೆಕ್ಕ.

ಆಮೇಲೆ ಮೃದಂಗ, ವೀಣೆ, ಕೊಳಲು. ಎಲ್ಲ ಕಂಪ್ಯೂಟರಿನೊಳಗಿನ ಸ್ಯಾಂಪಲ್ ವಾದ್ಯಗಳೇ ಆದರೂ ಒಂದೊಂದು ಪೆಟ್ಟಿನ ಗಟ್ಟಿತನವನ್ನು ಬೇರೆ ಬೇರೆ ಮಾಡಿ, ಎಡದ ತೊಪ್ಪಿಯ ಪೆಟ್ಟನ್ನು ಸ್ವಲ್ಪ ಹಿಂದೆ ಇಟ್ಟು, ಮನುಷ್ಯರು ನುಡಿಸಿದ ಹಾಗೆಯೇ ಮಾಡಿದೆ. ಕೇಳಿದರೆ ಗಡಿಯಾರದ ಹಾಗೆ ಹೋಗುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಪೆರಂಬೂರಿಗೆ ಹೊರಟೆ.

ಟೀಚರು ಸೆರಗು ಸಿಕ್ಕಿಸಿಕೊಂಡು ಕೋಣೆಯ ನಡುವೆ ನಿಂತರು. ಅಜ್ಜಿ ಮಂಚದ ಮೇಲೆ. ಹಾಡು ಹಾಕಿದೆ. ಟೀಚರು ಹಗುರವಾಗಿ ಹೆಜ್ಜೆ ಹಾಕುತ್ತ ಹೋದರು. ಪ್ರತಿ ಚರಣದ ಕೊನೆಗೆ ಯಶೋದೆ ಮಂಚದ ಕೆಳಗೆ ಬಗ್ಗಿ ನೋಡುತ್ತಾಳೆ. ಮಂಡಿ ಮಡಿಸಿ ಪೂರ್ತಿ ಕೆಳಗೆ ಕೂತು, ಅಲ್ಲೂ ಇಲ್ಲ ಅಂತ ಎದ್ದು, ಪಲ್ಲವಿಗೆ ತಿರುಗಬೇಕು. ಟೀಚರು ಕೂತರು. ಏಳುವಷ್ಟರಲ್ಲಿ ಪಲ್ಲವಿ ಬಂದೇಬಿಟ್ಟಿತ್ತು. ಎರಡನೆಯ ಚರಣದಲ್ಲೂ ಹಾಗೇ. ಮೂರನೆಯದರಲ್ಲಿ ಗೋಡೆ ಹಿಡಿದುಕೊಂಡು ಎದ್ದರು.

"ಇವತ್ತು ಮುಟ್ಟಿ ಸರಿ ಇಲ್ಲಮ್ಮಾ," ಅಂದರು ಮೊಣಕಾಲು ಒತ್ತಿಕೊಳ್ಳುತ್ತ. "ನನ್ನ ಹುಡುಗೀರು ಉಲ್ಟಾ. ಅಮ್ಮ ಹಾಡಿದ್ರೆ ಬೇಗ ಎದ್ದು ನಿಂತು ಬಾಯಿ ಬಾಯಿ ಬಿಡ್ತಾರೆ. ದಿನಾ ಬೈತೀನಿ, ಏನ್ರೇ ಅವಸರ, ತಾಳ ಕೇಳಿ ಏಳಿ ಅಂತ. ಈಗ ನನಗೇ ಹಿಂಗಾಯ್ತು ನೋಡು. ವಯಸ್ಸಾಯ್ತು."

ಹಾಡು ಮುಗಿದ ಮೇಲೆ ನಾನೇ ಹಲ್ಲು ಕಿರಿದು ಕೇಳಿದೆ: "ಹೆಂಗಿದೆ ಅಜ್ಜಿ?"

"ಕುರಲು ನಂದು," ಅಂದರು. "ಹಾಡಿದ್ದು ನಾನಲ್ಲ."

ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು. ಟೀಚರು ಏನೇನೋ ಸಮಾಧಾನ ಹೇಳಲು ಹೋದರು. "ಬೇರೆ ಯಾರ್ನಾದ್ರೂ ವೆಚ್ಚುಕೋ, ಇಟ್ಕೋ ಕಣೇ. ನನ್ನದು ಮುಗೀತು. ಇರಲಿ ಬಿಡು," ಅಂದರು ಗೋಡೆಗೇ. ಆ 'ಇರಲಿ ಬಿಡು' ಕೇಳಿ ನಾನು ಲ್ಯಾಪ್‌ಟಾಪು ಮುಚ್ಚಿದೆ. ಬೈದಿದ್ದರೆ ನಾನೂ ಒಂದು ಮಾತು ತಿರುಗಿಸಿ ಹೇಳುತ್ತಿದ್ದೆ. ತಪ್ಪೆಲ್ಲಿ ಅಂತ ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ವಾಪಸು ಬರುವ ದಾರಿಯಲ್ಲೇ ಸಂಘದ ಕಾರ್ಯದರ್ಶಿಯ ಫೋನು ಬಂತು. ಕಾರ್ಯಕ್ರಮ ಏರ್ಪಾಡು ಮಾಡುತ್ತಿದ್ದ ಕನ್ನಡ ಸಂಘದವರು, ಪೆರುಂಗುಡಿಯ ಯಾವುದೋ ಆಫೀಸಿನಲ್ಲಿ ಕೆಲಸ. ಒಳ್ಳೆಯ ಮನುಷ್ಯರೇ.

"ಮೇಡಂ, ತಪ್ಪು ತಿಳ್ಕೋಬೇಡಿ, ನಂಗೂ ಅಜ್ಜಿ ಮೇಲೆ ಗೌರವ ಇದೆ. ಆದ್ರೆ ಹಾಲ್‌ನಲ್ಲಿ ರಿಹರ್ಸಲ್ ದಿನ ಹಾಡು ರೆಡಿ ಇರ್ಬೇಕು. ಒಬ್ಬ ಹುಡುಗಿಗೆ ಹೇಳಿಟ್ಟಿದ್ದೀನಿ, ಚೆನ್ನಾಗಿ ಹಾಡ್ತಾಳೆ, ಅವಳು ಲೈವಾಗೇ ಹಾಡ್ಬಿಡ್ತಾಳೆ. ನಿಮ್ದು ಆಗ್ಲಿಲ್ಲ ಅಂದ್ರೆ ಮೊದಲೇ ಹೇಳ್ಬಿಡಿ."

"ಆಗುತ್ತೆ ಸಾರ್," ಅಂದೆ. ಹೇಗೆ ಅಂತ ಮಾತ್ರ ದೇವರಿಗೇ ಗೊತ್ತು.

ಮರುದಿನ ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತೆ. ನಾನು ಹೊಲಿದು ಕೂರಿಸಿದ ಹಾಡನ್ನು ಕೇಳಿದೆ, ಅಜ್ಜಿ ಮಂಚದ ಮೇಲೆ ಹಾಡಿದ್ದನ್ನು ಕೇಳಿದೆ, ಮತ್ತೆ ಇದನ್ನು, ಮತ್ತೆ ಅದನ್ನು. ನಾಲ್ಕನೆಯ ಸಲಕ್ಕೆ ನಾಚಿಕೆಯಾಯಿತು. ಮೂಲದಲ್ಲಿ ಹುಡುಕಾಟವಿತ್ತು. ಒಂದು ಮಾತಿನಲ್ಲಿ ಅವಸರ, ಇನ್ನೊಂದರಲ್ಲಿ ತಡೆದು ನೋಡುವುದು. ನನ್ನದರಲ್ಲಿ ಯಶೋದೆ ಮೆಟ್ರೋ ಹಿಡಿಯಲು ಹೊರಟಿದ್ದಳು. 'ಮೆಷಿನ್ನಿಗೆ ಬೇಕಾದರೆ ಅದು ನನ್ನ ಕೇಳಿಸಿಕೊಳ್ಳಲಿ' ಅಂತ ಅಜ್ಜಿ ಮೊದಲ ದಿನವೇ ಹೇಳಿದ್ದರಲ್ಲ!

ಆಗ ನಿರ್ಧಾರ ಮಾಡಿದೆ. ನಾನು ಕತ್ತರಿಸಿ ಜೋಡಿಸಿದ್ದನ್ನೆಲ್ಲ ಅಳಿಸಿ, ಅಜ್ಜಿಯ ಧ್ವನಿಯನ್ನು ಹಾಡಿದ ಹಾಗೆಯೇ, ಒಂದು ಕತ್ತರಿಯೂ ತಾಗದಂತೆ ತಂದಿಟ್ಟೆ. ಧ್ವನಿ ಕದಲಬಾರದು, ಕದಲಬೇಕಾದದ್ದು ಗೆರೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ದಾರಿಯಿದೆ. ತಾಳದ ಒಂದೊಂದು ಗೆರೆಯನ್ನೂ ಹಿಡಿದು ಹಾಡಿನ ಆ ಎಣಿಕೆಯ ಜಾಗಕ್ಕೆ ಎಳೆದು ನಿಲ್ಲಿಸಬಹುದು. ಹಾಡುವವರು ನಿಧಾನಿಸಿದ ಕಡೆ ಎರಡು ಗೆರೆಗಳ ನಡುವೆ ಅಗಲವಾಗುತ್ತದೆ, ಓಡಿದ ಕಡೆ ಇಕ್ಕಟ್ಟಾಗುತ್ತದೆ. ಬೇಸರದ ಕೆಲಸವೆಂದು ಯಾರೂ ಮಾಡುವುದಿಲ್ಲ. ಎಣಿಕೆ ಎಲ್ಲಿ ಬೀಳುತ್ತದೆ ಅಂತ ಊಹಿಸುವುದೂ ಕಷ್ಟ. ನನಗೆ ಊಹಿಸುವ ಅಗತ್ಯವೇ ಬೀಳಲಿಲ್ಲ. ಟೀಚರ ತೊಡೆಯ ಹತ್ತಿರ ಇಟ್ಟಿದ್ದ ಚಿಕ್ಕ ಮೈಕಿನಲ್ಲಿ ಪ್ರತಿ ಎಣಿಕೆಯೂ ಟಪ್ ಟಪ್ ಅಂತ ಮೂಡಿತ್ತು.

ಈ ಕೆಲಸಕ್ಕೆ ನನ್ನ ಪದ್ಧತಿ ಹೇಳಿ ಮಾಡಿಸಿದ ಹಾಗಿತ್ತು. ಒಂದು ಟಪ್ ಆರಿಸಿಕೊಳ್ಳುವುದು, 'ಹತ್ತಿರ' ಒತ್ತುವುದು, ಗೆರೆಯನ್ನು ಪೆಟ್ಟಿನ ಮೂಗಿಗೆ ತಂದು ನಿಲ್ಲಿಸುವುದು, ಮುಂದಿನದಕ್ಕೆ ಹಾರುವುದು. ಕಣ್ಣು ಉರಿದಾಗ ಎದ್ದು ಬಾಲ್ಕನಿಯಲ್ಲಿ ನಿಂತು ಕೆಳಗೆ ಸಾಲುಗಟ್ಟಿದ ಆಫೀಸು ಕ್ಯಾಬುಗಳನ್ನು ನೋಡಿ ಬರುವುದು. ಶಾಲೆಯಿಂದ ಬಂದ ಮಗಳು "ಅಮ್ಮಾ, ಇನ್ನುಮಾ ಮುಡಿಯಲ?" ಅಂತ ತಮಿಳಿನಲ್ಲೇ ಕೇಳಿದಳು. ಇನ್ನೂ ಮುಗಿದಿಲ್ಲ ಕಣೇ ಅಂತ ಕನ್ನಡದಲ್ಲೇ ಗದರಿದೆ.

ಗೆರೆಗಳೆಲ್ಲ ಅಜ್ಜಿಯ ಹಿಂದೆ ನಡೆಯತೊಡಗಿದ ಮೇಲೆ ಮೃದಂಗದ ಪಟ್ಟಿಗಳನ್ನು ಅವುಗಳ ಮೇಲೆ ಹರವಿದೆ. ಹಾಡು ಹಾಕಿದರೆ, ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ಅಜ್ಜಿ ನಿಧಾನಿಸಿದರೆ ಮೃದಂಗ ನಿಧಾನಿಸುತ್ತಿತ್ತು, ಅವರು ಮುನ್ನುಗ್ಗಿದರೆ ಅದೂ ಜೊತೆಗೇ ಹೆಜ್ಜೆ ಹಾಕುತ್ತಿತ್ತು. ಮೊದಲ ಚರಣ ಮುಗಿಯುವ ತನಕ ಎಲ್ಲ ಸುಖವಾಗಿತ್ತು.

ಚರಣದ ಕೊನೆಗೆ ಬಂದರೆ ಮುಗ್ಗರಿಸಿತು. ಅಲ್ಲಿ ಎಂಟನೆಯ ಎಣಿಕೆಗೂ ಪಲ್ಲವಿಯ ಮೊದಲ ಎಣಿಕೆಗೂ ನಡುವೆ ಗೆರೆಗಳು ದೂರ ದೂರವಾಗಿದ್ದವು. ಮೃದಂಗದ ಪೆಟ್ಟುಗಳು ಆ ಅಗಲಕ್ಕೆ ಎಳೆದುಕೊಂಡು ಕುಡಿದವನ ನಡಿಗೆಯಂತಾಗಿದ್ದವು. 'ಹತ್ತಿರ' ಒತ್ತಿದೆ. ಒಂದು ಪೆಟ್ಟು ಸೇರಿಸಿದೆ, ಗಜಿಬಿಜಿಯಾಯಿತು. ಎರಡು ಪೆಟ್ಟು ತೆಗೆದೆ. ಹಲ್ಲು ಬಿದ್ದ ಹಾಗಾಯಿತು. ಮೆಲ್ಲಗೆ ಮಾಡಿದೆ, ಹಿಂದಕ್ಕೆ ಸರಿಸಿದೆ, ಮುಂದಕ್ಕೆ ಸರಿಸಿದೆ. ಎರಡನೆಯ ಚರಣಕ್ಕೆ ಹೋದರೆ ಅಲ್ಲೂ ಅದೇ ರಗಳೆ. ಪ್ರತಿಯೊಂದಕ್ಕೂ ಬೇರೆ ಬೇರೆ ತೇಪೆ ಹಾಕುತ್ತ ಹೋದೆ. ಹಾಕಿದಷ್ಟೂ ಹಾಡು ಹದಗೆಟ್ಟಿತು. "ಥೂ, ಹಾಳಾಗಿ ಹೋಗು!" ಅಂತ ಕೀಬೋರ್ಡಿಗೆ ಬೈದೆ. ಮೊದಲು ಹೋದ ಸ್ಟುಡಿಯೋದವರು ಹೇಳಿದ್ದೇ ಸರಿಯೇನೋ, ಕಾರ್ಯದರ್ಶಿಗೆ ಫೋನು ಮಾಡಿ ಆ ಹುಡುಗಿಯನ್ನೇ ಹಾಡಿಸಿ ಅನ್ನಲೇನೋ ಅಂತ ಕೈಯಲ್ಲಿ ಫೋನೂ ಹಿಡಿದಿದ್ದೆ.

ಕಂಪ್ಯೂಟರು ಆರಿಸುವ ಮೊದಲು ಅಭ್ಯಾಸಬಲದಿಂದ 'ದೂರ' ಒತ್ತಿದೆ. ಇಡೀ ಹಾಡು ಒಂದೇ ಪರದೆಯೊಳಗೆ ಬಂದು ನಿಂತಿತು. ಮೇಲ್ಭಾಗದಲ್ಲಿ ನಡೆಯ ವೇಗವನ್ನು ತೋರಿಸುವ ಸಣ್ಣ ಗೀಟು ಇರುತ್ತದೆ. ಹತ್ತಿರದಲ್ಲಿ ನೋಡುವಾಗ ಅದು ಸುಮ್ಮನೆ ಅಡ್ಡಗೆರೆ, ಅದರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ಈಗ ಅದು ಪೂರ್ತಿ ಕಾಣುತ್ತಿತ್ತು. ಉದ್ದಕ್ಕೂ ಸಣ್ಣಪುಟ್ಟ ಅಲೆಗಳು. ನಡುವೆ ನಾಲ್ಕು ಕಡೆ ದೊಡ್ಡ ತಗ್ಗು, ನಾಲ್ಕೂ ಚರಣಗಳ ಕೊನೆಯಲ್ಲಿ. ಒಂದರ ಮೇಲೊಂದು ಇಟ್ಟು ನೋಡಿದರೆ ಹೆಚ್ಚುಕಡಿಮೆ ಒಂದೇ ಅಳತೆ, ಒಂದೂವರೆ ಎಣಿಕೆಯಷ್ಟು.

ಉಸಿರು ಸಾಲದೆ ಆದ ತಡವಾಗಿದ್ದರೆ ಮೊದಲ ಚರಣದಲ್ಲಿ ಕಡಿಮೆ, ಸುಸ್ತಾದ ಕೊನೆಯ ಚರಣದಲ್ಲಿ ಹೆಚ್ಚು ಇರಬೇಕಿತ್ತು. ಉಸಿರು ಕಮ್ಮಿಯಾದವರು ಸ್ವರವನ್ನು ಬೇಗ ಬಿಡುತ್ತಾರೆ, ಹೀಗೆ ಉದ್ದಕ್ಕೆ ಹಿಡಿದುಕೊಳ್ಳುವುದಿಲ್ಲ. ಅಜ್ಜಿ ಅಲ್ಲಿ ಇರುವ ಉಸಿರನ್ನೆಲ್ಲ ಖರ್ಚು ಮಾಡಿ ನಿಂತಿದ್ದರು, ನಾಲ್ಕು ಸಲವೂ. ತಾಳ ಹಾಕುವ ಮಗಳ ಕೈಯೂ ಅವರ ಜೊತೆಗೇ ನಿಂತಿತ್ತು. ಫೋನನ್ನು ಕೆಳಗಿಟ್ಟೆ.

ಮರುದಿನ ಮತ್ತೆ ಪೆರಂಬೂರು. ಅಜ್ಜಿ ನನ್ನನ್ನು ನೋಡಿ, "ಬಂದ್ಯಾ ಹಲ್ಲಿ ತಗೊಂಡು?" ಅಂದರು. ಮಾತಾಡಿಸಿದರಲ್ಲ, ಅಷ್ಟೇ ಸಾಕಿತ್ತು ನನಗೆ.

"ಹಲ್ಲಿ ತಂದಿಲ್ಲ ಅಜ್ಜಿ. ಒಂದು ಕೇಳ್ಬೇಕಿತ್ತು. ಚರಣದ ಕೊನೇಲಿ ನೀವು ಯಾಕೆ ನಿಲ್ತೀರಿ?"

"ಎಲ್ಲಿ ನಿಲ್ತೀನಿ? ನಾನೆಲ್ಲೂ ನಿಲ್ಲಲ್ಲ!"

ಟೀಚರೂ ಬೆಂಬಲಕ್ಕೆ ಬಂದರು. "ಇಲ್ಲವೇ ಇಲ್ಲಮ್ಮಾ. ನಾನೇ ತಾನೆ ತಾಳ ಹಾಕಿದ್ದು? ಎಂಟಕ್ಕೆ ಎಂಟು, ಸರಿಯಾಗಿದೆ."

ವಾದ ಮಾಡಿ ಪ್ರಯೋಜನವಿರಲಿಲ್ಲ. "ಸರಿ, ಒಂದೇ ಒಂದು ಚರಣ ಹಾಡಿ ಅಜ್ಜಿ. ಟೀಚರೇ, ನೀವು ತಾಳ ಹಾಕೋದು ಬೇಡ, ಎದ್ದು ಆಡಿ," ಅಂದೆ. ಮೈಕು ಹಚ್ಚಲಿಲ್ಲ. ಸುಮ್ಮನೆ ಬಾಗಿಲಿಗೆ ಒರಗಿ ನಿಂತೆ.

ಅಜ್ಜಿ ಹಾಡಿದರು. ಟೀಚರು ಹಾಲಿನ ಗಡಿಗೆಯ ಹಿಂದೆ ನೋಡಿದರು, ಬಾಗಿಲ ಸಂದಿಯಲ್ಲಿ ನೋಡಿದರು, ಚರಣದ ಕೊನೆಗೆ ಮಂಡಿ ಮಡಿಸಿ ಕೆಳಗೆ ಕೂತರು. ನಾನು ಅವರನ್ನು ನೋಡಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದೆ. ಅಜ್ಜಿಯ ಕಣ್ಣು ಮಗಳ ಬಲಮೊಣಕಾಲಿನ ಮೇಲಿತ್ತು. ಕಡೆಯ ಅಕ್ಷರವನ್ನು ಹಿಡಿದು, ಹಿಡಿದು, ಕುತ್ತಿಗೆಯ ನರ ಉಬ್ಬುವ ತನಕ ಹಿಡಿದರು. ಮಗಳು ಎಡಗಾಲಿಗೆ ಭಾರ ಹಾಕಿ, ಬಲಗಾಲನ್ನು ಕೂಡಿಸಿಕೊಂಡು, ನೆಟ್ಟಗೆ ಎದ್ದು ನಿಂತ ಕ್ಷಣಕ್ಕೆ ಪಲ್ಲವಿ ಎತ್ತಿಕೊಂಡರು. ಟೀಚರು ಸರಿಯಾಗಿ ತಾಳಕ್ಕೆ ತಿರುಗಿದರು. ಗೋಡೆ ಹಿಡಿಯಲಿಲ್ಲ, ಏನಿಲ್ಲ.

"ಅಲ್ಲಿ!" ಅಂದೆ ನಾನು, ಕೂಗಿದ ಹಾಗೇ ಆಯಿತು. "ಅಲ್ಲೇ ಅಜ್ಜಿ, ಈಗ ನಿಂತ್ರಲ್ಲ!"

"ಅದಾ?" ಅಜ್ಜಿ ಏದುಸಿರು ಬಿಡುತ್ತ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಅದು ನಿಲ್ಲೋದಲ್ಲ ಕಣೇ. ಅವಳು ಏಳ್ಬೇಕು ತಾನೆ?"

ಟೀಚರು ನಡುಕೋಣೆಯಲ್ಲಿ ಹಾಗೇ ನಿಂತುಬಿಟ್ಟರು. ಚಿಕ್ಕಂದಿನಲ್ಲಿ ಅವರು ಮೆಟ್ಟಿಲಿಂದ ಬಿದ್ದು ಬಲಮೊಣಕಾಲಿಗೆ ಏಟು ಮಾಡಿಕೊಂಡಿದ್ದರಂತೆ. ಇನ್ನು ಡ್ಯಾನ್ಸು ಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಅಜ್ಜಿ ಒಬ್ಬರೇ, ಆಡಲಿ, ನಾನು ಹಾಡ್ತೀನಿ ಅಂದಿದ್ದರು. ಅಲ್ಲಿಂದ ಮಗಳು ಆಡಿದ ಪ್ರತಿ ವೇದಿಕೆಯ ಮೂಲೆಯಲ್ಲೂ ತಾಯಿಯೇ.

"ನಾನು ತಾಳಕ್ಕೆ ಕರೆಕ್ಟಾಗಿ ಏಳ್ತೀನಿ ಅಂತ," ಟೀಚರ ದನಿ ಒಡೆಯಿತು. "ಇಷ್ಟು ವರ್ಷ ಹಾಗೇ ನೆನೆಸಿಕೊಂಡಿದ್ದೆ ಅಮ್ಮಾ. ಆ ಹುಡುಗೀರ್ನ ಬೇರೆ ಬೈತಿದ್ದೆ."

"ಕರೆಕ್ಟಾಗೇ ಎದ್ದಿ. ಯಾರು ಇಲ್ಲ ಅಂದಿದ್ದು?" ಅಂದರು ಅಜ್ಜಿ. "ಅಳಬೇಡ್ವೇ, ಅಸಡ್ಡಾಳ. ಹೋಗಿ ಕಾಫಿ ಹಾಕು, ಆ ಹುಡುಗಿ ಬಿಸಿಲಲ್ಲಿ ಬಂದಿದಾಳೆ."

ನಾನು ಆ ಕಾಫಿ ಕುಡಿಯುವಾಗ ತಲೆ ತಗ್ಗಿಸಿಯೇ ಕೂತಿದ್ದೆ. ಕಣ್ಣಲ್ಲಿ ನೀರಿತ್ತು.

ಆಮೇಲಿನ ಕೆಲಸ ಬಲು ಸುಲಭ. ಮನೆಗೆ ಬಂದು 'ದೂರ'ದಲ್ಲಿ ಆ ನಾಲ್ಕು ಜಾಗಗಳಿಗೂ ಗುರುತು ಹಾಕಿದೆ, ಗುರುತಿಗೆ 'ಟೀಚರು ಏಳುತ್ತಾರೆ' ಅಂತ ಹೆಸರು ಕೊಟ್ಟೆ. ನಾಲ್ಕು ಕಡೆಯೂ ನಾನು ಹಾಕಿದ ತೇಪೆಯನ್ನೆಲ್ಲ ಒಟ್ಟಿಗೇ ಆರಿಸಿ ಅಳಿಸಿದೆ. ಅಲ್ಲಿ ಮೃದಂಗವನ್ನು ಸರಿಪಡಿಸಲು ಹೋದದ್ದೇ ದಡ್ಡತನ. ಕಾಯುವವರು ಬಾಯಿ ಮುಚ್ಚಿಕೊಂಡು ಕಾಯಬೇಕು. ಎಂಟನೆಯ ಎಣಿಕೆಗೆ ಎಡಗೈಯ ಒಂದು ಪೆಟ್ಟು, ಆಮೇಲೆ ಏನೂ ಇಲ್ಲ. ವೀಣೆಯ ಒಂದೇ ಪಟ್ಟಿಯನ್ನು ಹಿಡಿದು ಅಜ್ಜಿಯ ಅಕ್ಷರದಷ್ಟೇ ಉದ್ದಕ್ಕೆ ಎಳೆದೆ. ಅವರು ಪಲ್ಲವಿ ಎತ್ತುವ ಮುಂಚೆ, ಉಸಿರು ಒಳಗೆ ತೆಗೆದುಕೊಳ್ಳುವ ಸಣ್ಣ ಸದ್ದಿದೆಯಲ್ಲ, ಅದರ ಮೇಲೆ ಮೃದಂಗದ ಎರಡು ಮೆಲುಪೆಟ್ಟು ಇಟ್ಟೆ. ಒಂದು ಚರಣದಲ್ಲಿ ಮಾಡಿದ್ದನ್ನು ಉಳಿದ ಮೂರಕ್ಕೂ ನಕಲು ಮಾಡಿ, ಪ್ರತಿಯೊಂದನ್ನೂ ಆ ಉಸಿರಿಗೆ ತಕ್ಕಂತೆ ಕೂದಲೆಳೆಯಷ್ಟು ಸರಿಸಿದೆ. ಮಧ್ಯಾಹ್ನದೊಳಗೆ ಮುಗಿಯಿತು.

ಹಾಲ್‌ನ ರಿಹರ್ಸಲ್ಲಿಗೆ ಹಾಡು ತಯಾರಿತ್ತು. ಕಾರ್ಯದರ್ಶಿ ಕೈ ಕಟ್ಟಿ ಕೇಳಿ, ಹೊರಗೆ ಹೋಗಿ ಆ ಹುಡುಗಿಗೆ ಬರುವುದು ಬೇಡವೆಂದು ಫೋನು ಮಾಡಿ ಬಂದರು. ಶಿಷ್ಯೆಯರು ಎಂದಿನಂತೆ ಬೇಗ ಎದ್ದು ನಿಂತು ಮುಖ ಮುಖ ನೋಡಿಕೊಂಡರು. ಈ ಸಲ ಟೀಚರು ಬೈಯಲಿಲ್ಲ.

"ತಪ್ಪು ನಿಮ್ದಲ್ಲ. ಇದು ನನ್ನ ಮುಟ್ಟಿಗೆ ಅಂತ ನಮ್ಮಮ್ಮ ಬಿಟ್ಟ ಜಾಗ," ಅಂತ ನಡೆದದ್ದನ್ನೆಲ್ಲ ಹೇಳಿದರು. ನಿಮಗಾಗಿ ಆ ಜಾಗವನ್ನು ತೆಗೆದು ತಾಳ ನೇರ ಮಾಡಲೇ ಅಂತ ನಾನು ಕೇಳಿದ್ದಕ್ಕೆ, ರೈಲ್ವೆ ಕ್ವಾರ್ಟರ್ಸಿನ ಒಬ್ಬಾಕೆ, "ಐಯೋ ವೇಂಡಾಂ, ಬೇಡ ಮೇಡಂ, ನಾವು ನಿಧಾನಕ್ಕೆ ಏಳೋದು ಕಲೀತೀವಿ," ಅಂದಳು. ಅವತ್ತೆಲ್ಲ ಕಲಿತರು. ಬೇಗ ಏಳುವುದಕ್ಕಿಂತ ನಿಧಾನಕ್ಕೆ ಏಳುವುದೇ ಕಷ್ಟ ಅಂತ ತೊಡೆ ಒತ್ತಿಕೊಂಡು ನಕ್ಕರು.

ಕಾರ್ಯಕ್ರಮದ ದಿನ ಅಜ್ಜಿಯನ್ನು ಮೊದಲ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೆತ್ತೆ ಹಾಕಿ ಕೂರಿಸಿದ್ದರು. ರೇಷ್ಮೆ ಸೀರೆ ಉಟ್ಟಿದ್ದರು. ಜೀವಮಾನದಲ್ಲಿ ಮೊದಲ ಸಲ ಮಗಳ ಆಟವನ್ನು ಎದುರಿನಿಂದ ನೋಡುತ್ತಿದ್ದೇನೆ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿ ಮುಗಿಸಿದ್ದರು. ಮೂರು ಚರಣ ಶಿಷ್ಯೆಯರು ಆಡಿದರು. ನಾಲ್ಕನೆಯದಕ್ಕೆ ಅವರೆಲ್ಲ ಬದಿಗೆ ಸರಿದರು, ಟೀಚರು ಒಬ್ಬರೇ ನಡುವೆ ಬಂದರು. ನಾನು ಅಜ್ಜಿಯ ಹಿಂದಿನ ಸಾಲಿನಲ್ಲಿದ್ದೆ.

ಅಜ್ಜಿಯ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಚರಣದ ಕೊನೆಗೆ ಮಗಳು ಮಂಡಿ ಮಡಿಸಿ ಕೆಳಗೆ ಕೂತರು. ಮೃದಂಗ ಸುಮ್ಮನಾಯಿತು. ಅಜ್ಜಿಯ ಧ್ವನಿ ಹಾಲ್ ತುಂಬ ಒಂದೇ ಅಕ್ಷರದಲ್ಲಿ ನಿಂತಿತು. ಕುರ್ಚಿಯಲ್ಲಿದ್ದ ಅಜ್ಜಿಯ ಕೈಯೂ ಮೇಲೆ ಗಾಳಿಯಲ್ಲಿ ನಿಂತಿತು. ಅವರ ತುಟಿ ಅರ್ಧ ತೆರೆದಿತ್ತು. ಟೀಚರು ಎಡಗಾಲಿಗೆ ಭಾರ ಹಾಕಿ, ಬಲಗಾಲು ಕೂಡಿಸಿಕೊಂಡು, ಎದ್ದು, ತಿರುಗಿದರು. ಆಗ ಆ ಕೈ ಕೆಳಗೆ ಬಿತ್ತು, ಪಲ್ಲವಿಯ ಮೊದಲ ಎಣಿಕೆಗೆ ಸರಿಯಾಗಿ.

ಎಲ್ಲ ಮುಗಿದು ಜನ ಎದ್ದು ಹೋಗುವಾಗ ಅಜ್ಜಿ ತಿರುಗಿ ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಅದು ನಾನೇ ಹಾಡಿದ್ದು," ಅಂದರು.

"ಹೌದು ಅಜ್ಜಿ, ನೀವೇ."

"ಆ ಮೃದಂಗ ನುಡಿಸಿದ ಹುಡುಗ ಯಾರೇ? ಕೆಟ್ಟಿಕ್ಕಾರ. ಜಾಣ. ಸುಮ್ಮನೆ ಬಡೀತಾ ಇರಲ್ಲ, ಕಾಯ್ತಾನೆ. ಅವನ್ನ ಬಿಡಬೇಡ."

"ಬಿಡಲ್ಲ ಅಜ್ಜಿ," ಅಂದೆ.